ಕಾಣದ ಅಳತೆ



ಸಬ್ಬತ್ ದಿನವು ಮುಗಿಯುವದನ್ನೇ ಕಾದುಕೊಂಡಿದ್ದ ಧಾನ್ಯದ ವರ್ತಕರನ್ನು ಪ್ರವಾದಿಯಾದ ಆಮೋಸನು ಗದರಿಸಿದ ಸಂಗತಿಯನ್ನು ನೀವು ಬಲ್ಲಿರಿ. ಅವರ ಪಾಪವು ಯಾವದೆಂದರೆ, ಪೂರಾ ಬೆಲೆಯನ್ನು ತೆಗೆದುಕೊಂಡು ಅಳತೆಯನ್ನು ಕಿರಿದು ಮಾಡಿದ್ದು. ತಳವನ್ನು ಒಳಕ್ಕೆ ಜಜ್ಜಿದ ಸೇರನ್ನು ಸಂತೆಯಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಕಣ್ಣಿಗೆ ಕಾಣದ ಅಳತೆಯೂ ಒಂದುಂಟು. ಅದು ವಸ್ತುವಿನ ಬಾಳಿಕೆಯೇ.

1924ನೇ ಇಸವಿಯ ಡಿಸೆಂಬರ್ ತಿಂಗಳಲ್ಲಿ ಸ್ವಿಟ್ಜರ್ಲೆಂಡ್ ದೇಶದ ಜಿನೀವ ಪಟ್ಟಣದಲ್ಲಿ, ವಿದ್ಯುದ್ದೀಪದ ಬುರುಡೆಗಳನ್ನು ಮಾಡುವ ದೊಡ್ಡ ಕಂಪೆನಿಗಳವರು ಕೂಡಿ ಒಂದು ಒಡಂಬಡಿಕೆ ಮಾಡಿಕೊಂಡರು. ಜರ್ಮನಿಯ ಓಸ್ರಾಂ, ಹಾಲೆಂಡಿನ ಫಿಲಿಪ್ಸ್ ಮೊದಲಾದವು ಅದರಲ್ಲಿದ್ದವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ತನ್ನ ಹೊರದೇಶದ ಸಂಸ್ಥೆಗಳ ಮುಖಾಂತರ ಕೂಡಿತ್ತು. ಆ ಕೂಟಕ್ಕೆ ಫೀಬಸ್ ಎಂದು ಹೆಸರು. ಅದು ಗ್ರೀಕರ ಸೂರ್ಯದೇವತೆಯ ಹೆಸರು. ಬೆಳಕಿನ ಆಯುಸ್ಸನ್ನು ಮೊಟಕು ಮಾಡುವವರಿಗೆ ಆ ಹೆಸರೇ ಬೇಕಾಗಿತ್ತೋ! ಅದುವರೆಗೆ 1,500ರಿಂದ 2,000 ತಾಸುಗಳ ತನಕ ಉರಿಯುತ್ತಿದ್ದ ಬುರುಡೆಗಳನ್ನು 1,000 ತಾಸುಗಳಿಗೆ ಇಳಿಸಬೇಕೆಂದು ಅವರು ಗೊತ್ತುಮಾಡಿದರು. ಕಾರ್ಖಾನೆಗಳು ತಮ್ಮ ಬುರುಡೆಗಳನ್ನು ಪರೀಕ್ಷೆಗೆ ಕಳುಹಿಸಬೇಕಾಗಿತ್ತು. ಬುರುಡೆಯು ಮೇರೆ ಮೀರಿ ಬಹಳ ಕಾಲ ಉರಿದರೆ, ಮಾಡಿದವನು ದಂಡ ತೆರಬೇಕಾಗಿತ್ತು. ಕೆಟ್ಟ ಕೆಲಸಕ್ಕೆ ದಂಡವುಂಟೆಂದು ಕೇಳಿದ್ದೇವೆ. ಒಳ್ಳೇ ಕೆಲಸಕ್ಕೆ ದಂಡವೆಂಬದನ್ನು ಯಾರು ಕೇಳಿದ್ದರು? 1939ರಲ್ಲಿ ಯುದ್ಧವು ಹುಟ್ಟಿದಾಗ ಈ ಕೂಟವು ಮುರಿದುಹೋಯಿತು.

ಅವರ ಪಕ್ಷದ ಮಾತನ್ನೂ ಕೇಳುವದು ನ್ಯಾಯ. ಬುರುಡೆಯೊಳಗಿನ ತಂತಿಯು ಹೆಚ್ಚು ಕಾದರೆ ಬೆಳಕು ಹೆಚ್ಚುವದು, ತಂತಿಯು ಬೇಗ ಸವೆಯುವದು. ಬಹುಕಾಲ ಬಾಳುವ ಬುರುಡೆಯು ಅಷ್ಟೇ ವಿದ್ಯುತ್ತಿಗೆ ಮಬ್ಬಾಗಿ ಉರಿಯುವದು. ಇದು ನಿಜವೇ. ಹಾಗಾದರೆ ಎರಡು ವಿಧವಾದ ಬುರುಡೆಗಳನ್ನೂ ಮುಂದಿಟ್ಟು, ಬೇಕಾದದ್ದನ್ನು ಆರಿಸಿಕೊಳ್ಳಿರೆಂದು ಜನರಿಗೆ ಹೇಳಬಹುದಾಗಿತ್ತಲ್ಲಾ? ಹಾಗೆ ಹೇಳದೆ, ಕೊಳ್ಳುವವನಿಗೆ ತಿಳಿಯದಂತೆ ಅವನ ಪಾಲನ್ನು ಅವರೇ ಅಳೆದುಬಿಟ್ಟರು. ದೀಪವು ಬೇಗನೆ ಆರಿದಾಗ ಬಡವನು ಯಾರ ಮೇಲೆ ದೂರು ಹೇಳಬೇಕು? ತನ್ನ ಅದೃಷ್ಟವನ್ನೇ ಹಳಿದುಕೊಂಡು ಇನ್ನೊಂದನ್ನು ಕೊಂಡನು.

ಇದನ್ನು ಓದಿ, ದೂರದೇಶದ ಧನವಂತರ ಪಾಪವೆಂದು ನಾವು ಸುಮ್ಮನಿರಬಹುದೋ? ತೆಳ್ಳಗಿನ ಬಟ್ಟೆಗೆ ಗಂಜಿಯನ್ನು ದಟ್ಟವಾಗಿ ಹಾಕಿ, ಮೊದಲಿನ ಒಗೆತದ ತನಕ ಅದನ್ನು ಗಟ್ಟಿಯೆಂದು ತೋರಿಸುವ ನೇಕಾರನೂ, ಅರೆಬೆಂದ ಹೆಂಚನ್ನು ಒಳ್ಳೇ ಹೆಂಚುಗಳ ನಡುವೆ ಸೇರಿಸಿ ಮಾರುವವನೂ ಮಾಡುವದು ಅದೇ ಕೆಲಸ. ಆ ಹೆಂಚು ಮಳೆಗಾಲದಲ್ಲಿ ಸೋರುವಾಗ ನೆನೆಯುವದು ಮಾರಿದವನ ಮಕ್ಕಳಲ್ಲ.

ಎಲ್ಲರೂ ಹೀಗೆಯೇ ಮಾಡುವಾಗ ನಾನೊಬ್ಬನು ನೆಟ್ಟಗಿದ್ದರೆ ಬದುಕುವದು ಹೇಗೆ ಎಂದು ಕೆಲವರು ಕೇಳುತ್ತಾರೆ. ಈ ಮಾತು ಹಗುರವಾದದ್ದಲ್ಲ, ಹೊಟ್ಟೆಯು ನಿಜವಾದದ್ದು. ಯೆರಿಕೋ ಪಟ್ಟಣದ ಜಕ್ಕಾಯನಿಗೂ ಈ ಪ್ರಶ್ನೆಯು ಬಂದಿರಬಹುದು. ಆದರೂ ಬೇರೆ ಸುಂಕದವರೆಲ್ಲರು ಒಪ್ಪಲಿ ಎಂದು ಅವನು ಕಾಯಲಿಲ್ಲ. ಕರ್ತನು ಅತಿಥಿಯಾಗಿ ಬಂದಿರುವಾಗಲೇ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಹಿಂದಕ್ಕೆ ಕೊಡುತ್ತೇನೆಂದು ಎಲ್ಲರಿಗೂ ಕೇಳಿಸುವಂತೆ ಹೇಳಿದನು.