ಹೊಡೆದ ಹಂದಿ ಯಾರದು?

ಮುಳಬಾಗಿಲು ತಾಲ್ಲೂಕಿನ ತಾಯಲೂರು ಕಡೆ ರಾಗಿ ತೆನೆ ಬಿಟ್ಟು ಕಡಲೆಕಾಯಿ ಬಲಿಯುವ ಹೊತ್ತಿಗೆ ಹೊಲದವರ ನಿದ್ದೆ ಕೆಡುತ್ತದೆ. ಕಾಡುಹಂದಿ ಹಿಂಡು ಇಳಿಯಿತೆಂದರೆ ತಿಂದದ್ದು ಅಷ್ಟಿಷ್ಟು, ಮೂತಿಯಲ್ಲಿ ಉತ್ತು ಹಾಳುಮಾಡಿದ್ದೇ ಬಹಳ. ಬದುವಿನುದ್ದಕ್ಕೂ ಹಳೇ ಸೀರೆ ಕಟ್ಟುತ್ತಾರೆ, ತಗಡು ಬಡಿಯುತ್ತಾರೆ, ಪಟಾಕಿ ಹೊಡೆಯುತ್ತಾರೆ. ನಾಲ್ಕು ದಿನಕ್ಕೆ ಹಂದಿಗೆ ಎಲ್ಲವೂ ರೂಢಿ.

ಹೊಡೆದರೇನು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಹೊಲ ಸ್ವಂತದ್ದೆಂಬ ಮಾತು ಅಲ್ಲಿ ನಡೆಯದು. 11ನೇ ಕಲಂ ಮಾತ್ರ ಒಂದು ಕಿಂಡಿ ಬಿಟ್ಟಿದೆ. ಹಂದಿಯಿಂದ ಬೆಳೆಗೆ ಅಪಾಯವೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕೃತ ಅಧಿಕಾರಿ ಕಾರಣ ಬರೆದು ಬೇಟೆಗೆ ಅನುಮತಿ ಕೊಡಬಹುದು. ಮೊದಲನೇ ಅನುಸೂಚಿಯ ಆನೆಗೆ ಬೆಳೆನಷ್ಟದ ಕಾರಣ ಸಾಲದು. ಕೇರಳ 2022ರಲ್ಲಿ ಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಂಥವರಿಗೇ ವಹಿಸಿತು.

ಅನುಮತಿ ಸಿಕ್ಕರೆ ಕೇಸು ತಪ್ಪೀತು. ಪಾಪ ತಪ್ಪೀತೆ? ವರಾಹನಿಗೆ ಕೈಮುಗಿಯುವವರ ನಾಡಿನಲ್ಲಿ ಇದು ಹಳೆಯ ತಕರಾರು. ವನಪರ್ವದ ಧರ್ಮವ್ಯಾಧ ಮಿಥಿಲೆಯ ಮಾಂಸದಂಗಡಿಯವನು. ಉಪದೇಶ ಕೇಳಲು ಬಂದ ಕೌಶಿಕನೆಂಬ ಬ್ರಾಹ್ಮಣನಿಗೆ, ಎಲ್ಲರೂ ಹೊಗಳುವ ಬೇಸಾಯದಲ್ಲೂ ನೇಗಿಲಿಗೆ ಸಿಕ್ಕಿ ಸಾಯುವ ಜೀವಗಳಿವೆಯಲ್ಲ ಎಂದು ನೆನಪಿಸುತ್ತಾನೆ. ಅಹಿಂಸೆಯನ್ನೇ ಉಸಿರಾಡಿದ ಗಾಂಧೀಜಿ ಕೂಡ, ಬೇಸಾಯಗಾರ ಬೆಳೆ ಕಾಯಲು ಕೋತಿಗಳನ್ನು ಕೊಲ್ಲಬೇಕಾಗಬಹುದೆಂದು 1946ರಲ್ಲಿ ಬರೆದರು. ಅದು ಹಿಂಸೆಯೇ, ಆದರೆ ಅನಿವಾರ್ಯವಾದಷ್ಟೇ ಇರಲಿ ಎಂಬುದು ಅವರ ಷರತ್ತು.

ಕಿರಾತನಾಗಿ ಬಂದ ಶಿವನಿಗೂ ಅರ್ಜುನನಿಗೂ ಜಗಳ ಹತ್ತಿದ್ದೂ ಹಂದಿಯ ಮೇಲೆಯೇ: ಇಬ್ಬರ ಬಾಣವೂ ನೆಟ್ಟಿತ್ತು, ಬೇಟೆ ಯಾರದು? ಕಾಯ್ದೆಯ 39ನೇ ಕಲಂ ಆ ಜಗಳಕ್ಕೆ ಎಡೆಯನ್ನೇ ಕೊಟ್ಟಿಲ್ಲ. ಅನುಮತಿ ಪಡೆದು ಹೊಡೆದರೂ ಹಂದಿ ಸರ್ಕಾರದ ಸ್ವತ್ತು. ರಾಗಿಯೂ ಹೋಯ್ತು, ಬಾಡೂ ಹೋಯ್ತು ಎಂದು ಊರವರು ಗೊಣಗಿದರೆ ತಪ್ಪಲ್ಲ. ಆದರೂ ಇಡೀ ಕಾಯ್ದೆಯಲ್ಲಿ ಧರ್ಮಸೂಕ್ಷ್ಮ ಬಲ್ಲ ನಿಯಮ ಇದೇ. ಹೊಡೆದದ್ದು ಬೆಳೆಗೋ ಬಾಡೂಟಕ್ಕೋ ಎಂಬುದನ್ನು ಅದು ಬೇರ್ಪಡಿಸಿಬಿಡುತ್ತದೆ.

ಕಚೇರಿಗೆ ಅಲೆಯಲಾರದೆ ಬೇಲಿಗೆ ಕರೆಂಟು ಕೊಡುವವರ ಲೆಕ್ಕ ಬೇರೆ. ಬಂದೂಕಿನವನು ಎದುರಿಗಿರುವುದೇನೆಂದು ನೋಡಿ ಗುಂಡು ಹಾರಿಸಬೇಕು. ನೇಗಿಲಿನವನಿಗೆ ಕೊಲ್ಲುವ ಉದ್ದೇಶವಿಲ್ಲ. ತಂತಿಯನ್ನು ಕಟ್ಟುವುದೇ ಕೊಲ್ಲಲು, ಆದರೆ ಕೊಲ್ಲುವಾಗ ನೋಡುವವರಿಲ್ಲ. ಹಂದಿ, ನಾಯಿ, ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವನು, ಯಾರು ತಗುಲಿದರೂ ಸರಿ. ಅದಕ್ಕೆ ಧರ್ಮವ್ಯಾಧನ ವಾದವೂ ಒದಗದು, 11ನೇ ಕಲಮೂ ಒದಗದು.