ದೋಣಿಯಿಂದ ಇಳಿಯುವ ದಾರಿ

2014ರ ಏಪ್ರಿಲ್ ಮೊದಲ ವಾರ. ಮೆಕ್ಸಿಕೋ ಕರಾವಳಿಯಿಂದ ಸುಮಾರು 900 ಮೈಲಿ ಆಚೆ, ಪೆಸಿಫಿಕ್ ಸಾಗರದ ನಡುವೆ, ‘ರೆಬೆಲ್ ಹಾರ್ಟ್’ ಎಂಬ 36 ಅಡಿಯ ಹಾಯಿದೋಣಿಯಿಂದ ಸಹಾಯ ಕೋರಿ ಕರೆ ಬಂತು. ದೋಣಿಯಲ್ಲಿದ್ದವರು ಅಮೆರಿಕದ ಗಂಡ ಹೆಂಡತಿ, ಮೂರು ವರ್ಷದ ಮಗಳು, ಒಂದು ವರ್ಷದ ಇನ್ನೊಬ್ಬಳು. ಚಿಕ್ಕವಳಿಗೆ ಜ್ವರ, ಮೈಮೇಲೆ ದದ್ದು. ಕೊಟ್ಟ ಔಷಧಿ ನಾಟುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ರಕ್ಷಣಾ ಸಿಬ್ಬಂದಿ ವಿಮಾನದಿಂದ ಸಮುದ್ರಕ್ಕೆ ಧುಮುಕಿ ದೋಣಿ ಹತ್ತಿದರು. ನೌಕಾಪಡೆಯ ಹಡಗೊಂದು ಬಂದು ನಾಲ್ವರನ್ನೂ ಸ್ಯಾನ್ ಡಿಯಾಗೋಗೆ ಕರೆದೊಯ್ದಿತು. ದೋಣಿಯನ್ನು ಅಲ್ಲೇ ಮುಳುಗಿಸಿದರು. ಅದು ಆ ಕುಟುಂಬದ ಮನೆಯೂ ಆಗಿತ್ತು.

ನಿಜವಾದ ಬಿರುಗಾಳಿ ಎದ್ದದ್ದು ದಡದಲ್ಲಿ. ಇಂಥವರಿಂದ ಮಕ್ಕಳನ್ನು ಕಿತ್ತುಕೊಳ್ಳಬೇಕು ಎಂದವರಿದ್ದರು, ರಕ್ಷಣೆಯ ಖರ್ಚನ್ನು ಅವರಿಂದಲೇ ವಸೂಲಿ ಮಾಡಬೇಕು ಎಂದವರಿದ್ದರು, ಟಿವಿ ಮುಂದೆ ಕೂತು ಬೆಳೆಯುವ ಮಕ್ಕಳಿಗಿಂತ ಈ ಮಕ್ಕಳೇ ಪುಣ್ಯವಂತರು ಎಂದವರೂ ಇದ್ದರು. ಬಾಲ್ಯ ಮತ್ತು ಸ್ವಾಯತ್ತತೆಯ ಕುರಿತು ಪಿಎಚ್‌ಡಿ ಮಾಡುತ್ತಿರುವ ನನ್ನ ಕಣ್ಣಿಗೆ ಈ ಜಗಳ ಬಿದ್ದದ್ದು ಎಷ್ಟೋ ವರ್ಷಗಳ ನಂತರ. ಓದುತ್ತಾ ಹೋದಂತೆ, ಎರಡೂ ಕಡೆಯವರು ಒಂದೇ ಪ್ರಶ್ನೆಯನ್ನು ಹಿಡಿದು ಜಗ್ಗಾಡುತ್ತಿದ್ದಾರೆ ಅನ್ನಿಸಿತು. ಇದು ಅಪಾಯವೋ ಅಲ್ಲವೋ?

ಅಪಾಯವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮಕ್ಕಳೊಂದಿಗೆ ದೋಣಿಯಲ್ಲಿ ಬದುಕುವವರು ಹುಂಬರೇನೂ ಅಲ್ಲ. ಅಂಚಿನ ಕಂಬಿಗಳಿಗೆ ಸುತ್ತಲೂ ಬಲೆ ಬಿಗಿಯುತ್ತಾರೆ. ಮಗು ಡೆಕ್‌ಗೆ ಬರಬೇಕಾದರೆ ಎದೆಗೆ ಪಟ್ಟಿ ಕಟ್ಟಿ, ಅದರ ಹಗ್ಗವನ್ನು ದೋಣಿಗೆ ಕೊಕ್ಕೆ ಹಾಕಿಯೇ ಬರಬೇಕು. ದೋಣಿ ವಾಲಿದಾಗ ಉರುಳಿ ಬೀಳದಂತೆ ಮಲಗುವ ಹಲಗೆಯ ಪಕ್ಕಕ್ಕೆ ಬಟ್ಟೆಯ ತಡೆ ಇರುತ್ತದೆ. ರಾತ್ರಿ ಅಪ್ಪ ಅಮ್ಮ ಸರದಿಯ ಮೇಲೆ ಎಚ್ಚರವಿರುತ್ತಾರೆ. ನಮ್ಮ ನಗರಗಳಲ್ಲಿ ಸ್ಕೂಟರಿನ ಮುಂದೆ ಹೆಲ್ಮೆಟ್ ಇಲ್ಲದ ಮಗುವನ್ನು ನಿಲ್ಲಿಸಿಕೊಂಡು ಸಿಗ್ನಲ್ ಹಾರಿಸುವ ಅಪ್ಪಂದಿರನ್ನು ದಿನಾ ನೋಡುತ್ತೇನೆ. ಯಾರೂ ಅವರ ಮಕ್ಕಳನ್ನು ಕಿತ್ತುಕೊಳ್ಳಿ ಎನ್ನುವುದಿಲ್ಲ. ರೂಢಿಯಾದ ಅಪಾಯ ನಮಗೆ ಅಪಾಯವಾಗಿ ಕಾಣುವುದಿಲ್ಲ, ಅಷ್ಟೆ. ಹಾಗಾಗಿ ಅಪಾಯದ ತಕ್ಕಡಿ ಹಿಡಿದು ಕೂತರೆ ವಾದ ಎಲ್ಲಿಗೂ ಮುಟ್ಟುವುದಿಲ್ಲ.

ನನಗೆ ದಾರಿ ತೋರಿಸಿದ್ದು ಸುಸಾನ್ ಹೇವುಡ್ 2023ರಲ್ಲಿ ಪ್ರಕಟಿಸಿದ ‘ವೇವ್‌ವಾಕರ್’ ಎಂಬ ಆತ್ಮಕಥನ. 1976ರಲ್ಲಿ, ಆಕೆಗೆ ಏಳು ವರ್ಷವಿದ್ದಾಗ, ತಂದೆ ಇಡೀ ಕುಟುಂಬವನ್ನು ಹಾಯಿಹಡಗು ಹತ್ತಿಸಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಹೊರಟರು. ಇನ್ನೂರು ವರ್ಷಗಳ ಹಿಂದೆ ಕ್ಯಾಪ್ಟನ್ ಜೇಮ್ಸ್ ಕುಕ್ ಹೋದ ಹಾದಿಯಲ್ಲಿ ತಾವೂ ಹೋಗಬೇಕೆಂಬುದು ಅವರ ಕನಸು. ಮೂರು ವರ್ಷ ಎಂದು ಹೊರಟದ್ದು ಹತ್ತು ವರ್ಷವಾಯಿತು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹಡಗಿಗೆ ದೈತ್ಯ ಅಲೆಯೊಂದು ಬಡಿದು ಹುಡುಗಿಯ ತಲೆಬುರುಡೆ ಬಿರುಕು ಬಿಟ್ಟಿತು; ಆಮ್‌ಸ್ಟರ್‌ಡ್ಯಾಂ ಎಂಬ ಪುಟ್ಟ ಫ್ರೆಂಚ್ ದ್ವೀಪದಲ್ಲಿ ಅರಿವಳಿಕೆಯಿಲ್ಲದೆ ಹಲವು ಬಾರಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಸುದ್ದಿಯಾಗುವುದು ಆ ಅಲೆ. ಪುಸ್ತಕ ಓದಿದ ಮೇಲೆ ನನ್ನಲ್ಲಿ ಉಳಿದದ್ದು ಅದಲ್ಲ. ಬೆಳೆಯುತ್ತಿರುವ ಹುಡುಗಿಗೆ ಶಾಲೆ ಬೇಕು, ಗೆಳತಿಯರು ಬೇಕು, ಬಾಗಿಲು ಹಾಕಿಕೊಂಡು ಕೂರಲು ಒಂದು ಮೂಲೆ ಬೇಕು. ಹಡಗು ಎಷ್ಟೋ ಬಂದರುಗಳಲ್ಲಿ ನಿಲ್ಲುತ್ತದೆ, ಆದರೆ ಯಾವ ಬಂದರಿನಲ್ಲೂ ಅವಳು ಉಳಿಯುವಂತಿಲ್ಲ. ಅಂಚೆ ಮೂಲಕ ಬರುವ ಪಾಠಗಳನ್ನು ಹಟ ಹಿಡಿದು ಓದಿ, ಕೊನೆಗೆ ನ್ಯೂಜಿಲೆಂಡಿನಿಂದ ಅರ್ಜಿ ಬರೆದು ಆಕ್ಸ್‌ಫರ್ಡ್ ಸೇರಿದಳು. ಅವಳು ದೋಣಿಯಿಂದ ಇಳಿದದ್ದು ಹಾಗೆ. ತಂದೆ ಕಂಡದ್ದು ಕನಸನ್ನೇ, ಅದು ಚಂದದ್ದೇ ಇದ್ದೀತು. ಆದರೆ ಅದರಿಂದ ಹೊರಬರುವ ಬಾಗಿಲನ್ನು ಮಗಳೇ ಕೊರೆದುಕೊಳ್ಳಬೇಕಾಯಿತು.

ಅಮೆರಿಕದ ತತ್ವಶಾಸ್ತ್ರಜ್ಞ ಜೋಯೆಲ್ ಫೈನ್‌ಬರ್ಗ್ 1980ರ ಒಂದು ಪ್ರಬಂಧದಲ್ಲಿ ಮಗುವಿಗೆ ‘ತೆರೆದ ಭವಿಷ್ಯದ ಹಕ್ಕು’ ಇದೆ ಎಂದು ವಾದಿಸಿದ. ಮಗು ದೊಡ್ಡದಾದ ಮೇಲೆ ತಾನೇ ಆರಿಸಿಕೊಳ್ಳಬೇಕಾದ ದಾರಿಗಳನ್ನು ಹೆತ್ತವರು ಈಗಲೇ ಮುಚ್ಚಿಬಿಡಬಾರದು ಎನ್ನುವುದು ಅದರ ತಿರುಳು. ನಮ್ಮ ಸೆಮಿನಾರುಗಳಲ್ಲಿ ಇದನ್ನು ಮಂತ್ರದಂತೆ ಉದ್ಧರಿಸುತ್ತೇವೆ. ಆದರೆ ದೋಣಿಯ ಮಕ್ಕಳನ್ನು ಎದುರಿಗಿಟ್ಟುಕೊಂಡರೆ ಇದು ಸಾಲದು ಅನ್ನಿಸುತ್ತದೆ. ಹೇವುಡ್ ಅವರ ಭವಿಷ್ಯ ತೆರೆದೇ ಇತ್ತಲ್ಲ, ಆಕ್ಸ್‌ಫರ್ಡಿಗೆ ಹೋದರಲ್ಲ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಮಗು ಬರೀ ನಾಳೆಯ ವಯಸ್ಕ ಅಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಗೆಳತಿ ಬೇಕೆನಿಸಿದರೆ ಅದು ಹನ್ನೆರಡನೆಯ ವಯಸ್ಸಿಗೇ ಬೇಕು.

ಆಮಿಶ್ ಪಂಥದ ಹೆತ್ತವರು ಎಂಟನೇ ತರಗತಿಯ ನಂತರ ಮಕ್ಕಳನ್ನು ಶಾಲೆ ಬಿಡಿಸಬಹುದು ಎಂದು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಭಾಗಶಃ ಭಿನ್ನಮತ ಬರೆದರು. ಹೆತ್ತವರ ಮಾತು ಕೇಳಿದ್ದಾಯಿತು, ಮಕ್ಕಳನ್ನೂ ಕೇಳಬೇಕಲ್ಲವೇ ಎಂಬುದು ಅವರ ತಕರಾರು. ಫೈನ್‌ಬರ್ಗನ ಹಕ್ಕಿಗಿಂತ ಈ ತಕರಾರು ನನಗೆ ಹೆಚ್ಚು ಹತ್ತಿರ.

ಇದು ನನಗೆ ಪುಸ್ತಕದ ಪ್ರಶ್ನೆ ಮಾತ್ರ ಅಲ್ಲ. ನನ್ನ ಅಪ್ಪನದು ವರ್ಗಾವಣೆಯ ನೌಕರಿ. ಎಸ್‌ಎಸ್‌ಎಲ್‌ಸಿ ಮುಗಿಯುವುದರೊಳಗೆ ಐದು ಊರು, ಐದು ಶಾಲೆ. ಪ್ರತಿ ಊರಿನಲ್ಲೂ ಮನೆಯ ಸಾಮಾನು ಲಾರಿಗೆ ಏರುವಾಗ ನಮ್ಮನ್ನು ಯಾರೂ ಕೇಳಿದ್ದಿಲ್ಲ. ಆದರೂ ಅದನ್ನು ಅನ್ಯಾಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಯಾಕೆಂದರೆ ನಮಗೊಂದು ಅಜ್ಜಿಯ ಮನೆ ಇತ್ತು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿ ಅಪ್ಪ ಅಮ್ಮನ ಮೇಲೆ ಚಾಡಿ ಹೇಳಬಹುದಿತ್ತು. ಅಮ್ಮನ ಮೇಲೆ ಮುನಿಸಿಕೊಂಡರೆ ಪಕ್ಕದ ಮನೆಯಲ್ಲಿ ಊಟ ಮಾಡಬಹುದಿತ್ತು. ಮಗುವಿಗೆ ತನ್ನ ಮನೆಯ ಬಗ್ಗೆ ದೂರು ಹೇಳಿಕೊಳ್ಳಲು ಮನೆಯ ಹೊರಗೊಂದು ಕಿವಿ ಬೇಕು. ನಡುಸಮುದ್ರದ ದೋಣಿಯಲ್ಲಿ ಅಪ್ಪನೇ ಕ್ಯಾಪ್ಟನ್, ಅಮ್ಮನೇ ಟೀಚರು, ತಮ್ಮನೇ ಗೆಳೆಯ. ದೂರು ಯಾರ ಮೇಲಿದೆಯೋ ಅವರಿಗೇ ದೂರು ಕೊಡಬೇಕು.

ಹಾಗಾದರೆ ದಡ ಪಕ್ಕದಲ್ಲೇ ಇದ್ದರೆ ಸಾಕೇ? ಇಂಗ್ಲೆಂಡಿನ ಕಾಲುವೆಗಳ ಚರಿತ್ರೆ ನೋಡಿ. ಅಲ್ಲಿಯ ಕಿರುದೋಣಿಗಳ ಅಗಲ ಏಳು ಅಡಿಯೊಳಗೆ, ವೇಗ ಮನುಷ್ಯನ ನಡಿಗೆಯಷ್ಟು. ಬೇಕೆಂದಾಗ ದಂಡೆಗೆ ಕಾಲಿಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲಿನ ಪೈಪೋಟಿಯಿಂದ ಕೂಲಿ ಇಳಿದಾಗ, ಸರಕು ಸಾಗಿಸುವ ದೋಣಿಗಾರರು ಬಾಡಿಗೆ ಮನೆ ಬಿಟ್ಟು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಹೆಚ್ಚೆಂದರೆ ಹತ್ತಡಿ ಉದ್ದದ ಕ್ಯಾಬಿನ್ನಿನಲ್ಲಿ ಇಡೀ ಸಂಸಾರ. ಮಕ್ಕಳು ಕುದುರೆ ನಡೆಸುತ್ತಿದ್ದರು, ಲಾಕ್‌ಗಳ ಬಾಗಿಲು ತಳ್ಳುತ್ತಿದ್ದರು. ಜಾರ್ಜ್ ಸ್ಮಿತ್ ಎಂಬಾತ ಈ ಮಕ್ಕಳ ಪರ ಹೋರಾಡಿದ ಫಲವಾಗಿ 1877ರಲ್ಲಿ ಕಾಲುವೆ ದೋಣಿಗಳ ಕಾಯ್ದೆ ಬಂತು. ದೋಣಿಗಳ ನೋಂದಣಿ, ಕ್ಯಾಬಿನ್ನಿನಲ್ಲಿ ಎಷ್ಟು ಜನ ಇರಬಹುದೆಂಬ ಮಿತಿ, ಮಕ್ಕಳ ಶಾಲೆ ಎಲ್ಲವೂ ಅದರಲ್ಲಿದ್ದವು. 1884ರಲ್ಲಿ ಅದನ್ನು ಬಿಗಿಗೊಳಿಸಿದರು. ಆದರೂ ಎಷ್ಟೋ ಮಕ್ಕಳು ಓದುಬರಹ ಕಲಿಯಲಿಲ್ಲ. ದಂಡೆ ಒಂದು ಹೆಜ್ಜೆಯ ದೂರದಲ್ಲಿತ್ತು, ದಂಡೆಯ ಮೇಲೆ ಅವರಿಗಾಗಿ ಕಾಯುವವರು ಇರಲಿಲ್ಲ. ಇಂದು ಬಂದು ನಾಳೆ ಹೊರಡುವ ಮಗುವಿಗೆ ಯಾವ ಶಾಲೆಯಲ್ಲಿ ಜಾಗವಿದ್ದೀತು?

ಇವತ್ತು ಅದೇ ಅಗಲದ ದೋಣಿಗಳನ್ನು ಬಾಡಿಗೆಗೆ ಹಿಡಿದು ಕುಟುಂಬಗಳು ರಜೆ ಕಳೆಯುತ್ತವೆ. ಬಡವನ ಮಗು ಅದೇ ಕ್ಯಾಬಿನ್ನಿನಲ್ಲಿ ಮಲಗಿದಾಗ ಇನ್ಸ್‌ಪೆಕ್ಟರ್ ಬಂದ, ಉಳ್ಳವರ ಮಗು ಮಲಗಿದಾಗ ಫೋಟೋ ತೆಗೆಯುತ್ತಾರೆ. ವ್ಯಂಗ್ಯಕ್ಕಾಗಿ ಇದನ್ನು ಹೇಳುತ್ತಿಲ್ಲ. ರಜೆಗೆ ಬಂದ ಮಗುವಿಗೆ ಸೋಮವಾರ ಹಿಂತಿರುಗಲು ಒಂದು ತರಗತಿ ಇದೆ, ಬೆಂಚಿನಲ್ಲಿ ಅದರ ಜಾಗ ಹಾಗೇ ಇದೆ. ವ್ಯತ್ಯಾಸ ಇರುವುದು ಅಲ್ಲಿ.

ನನ್ನ ವಾದಕ್ಕೆ ಸುಲಭವಾಗಿ ಒಗ್ಗದ ಉದಾಹರಣೆಯೊಂದಿದೆ. ಹೆತ್ತವರ ಸಮುದ್ರಯಾನದ ನಡುವೆ 1995ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಲಾರಾ ಡೆಕರ್ ಎಂಬ ಡಚ್ ಹುಡುಗಿ. ಹದಿಮೂರಕ್ಕೆ, ಒಬ್ಬಳೇ ಭೂಪ್ರದಕ್ಷಿಣೆ ಹೋಗುತ್ತೇನೆ ಎಂದಳು. ನ್ಯಾಯಾಲಯ ಅವಳನ್ನು ಮಕ್ಕಳ ರಕ್ಷಣಾ ವ್ಯವಸ್ಥೆಯ ಮೇಲ್ವಿಚಾರಣೆಗೆ ಒಪ್ಪಿಸಿತು. 2010ರ ಜುಲೈನಲ್ಲಿ ಬಿಟ್ಟುಕೊಟ್ಟಿತು. 2012ರ ಜನವರಿಯಲ್ಲಿ, ಹದಿನಾರರ ವಯಸ್ಸಿನಲ್ಲಿ, ಯಾನ ಮುಗಿಸಿದಳು. ಅವಳಿಗೆ ದೋಣಿಯಿಂದ ಇಳಿಯುವುದೇ ಬೇಡವಾಗಿತ್ತು. ಅಲೆಗಳ ಮೇಲೆ ಬೆಳೆದದ್ದರಿಂದಲೇ ಹಾಗೆ ಬಯಸಿದಳು ಎನ್ನುವವರಿದ್ದಾರೆ. ಇರಬಹುದು. ಪುಸ್ತಕಗಳ ನಡುವೆ ಬೆಳೆದವರು ಪುಸ್ತಕ ಬಯಸಿದರೆ ಯಾರೂ ಹಾಗೆ ಅನುಮಾನಿಸುವುದಿಲ್ಲ.

ಇನ್ನೊಂದು ಕುಟುಂಬ ನನ್ನನ್ನು ಬಿಡುತ್ತಿಲ್ಲ. ಇಂಗ್ಲೆಂಡಿನಲ್ಲಿ ಹೈನುಗಾರಿಕೆ ಮಾಡುತ್ತಿದ್ದ ಡುಗಾಲ್ ರಾಬರ್ಟ್‌ಸನ್ ಹಿಂದೆ ನಾವಿಕನಾಗಿದ್ದವನು. ಜಗತ್ತು ಸುತ್ತುವ ದೋಣಿ ಸ್ಪರ್ಧೆಯ ಸುದ್ದಿ ರೇಡಿಯೋದಲ್ಲಿ ಬರುತ್ತಿದ್ದಾಗ, ಅಪ್ಪನೂ ನಾವಿಕನೇ ಅಲ್ಲವೇ, ನಾವೂ ಯಾಕೆ ಹೋಗಬಾರದು ಎಂದು ಕೇಳಿದವನು ಅವನ ಅವಳಿ ಗಂಡುಮಕ್ಕಳಲ್ಲಿ ಒಬ್ಬ. 1971ರಲ್ಲಿ ‘ಲ್ಯೂಸೆಟ್’ ಎಂಬ ಮರದ ಹಾಯಿದೋಣಿಯಲ್ಲಿ ಹೊರಟರು. ದೊಡ್ಡ ಮಗಳು ಬಹಾಮಾಸ್‌ನಲ್ಲಿ, ನಾನು ಇಲ್ಲೇ ಇರುತ್ತೇನೆ ಎಂದು ಇಳಿದುಬಿಟ್ಟಳು. ಅವಳು ಇಳಿಯುವ ವಯಸ್ಸಿಗೆ ಬಂದಿದ್ದಳು. ಅವಳಿಗಳು ಮುಂದುವರಿದರು. 1972ರ ಜೂನ್‌ನಲ್ಲಿ ಗಲಪಗೋಸ್ ದ್ವೀಪಗಳ ಪಶ್ಚಿಮಕ್ಕೆ ಕೊಲೆಗಾರ ತಿಮಿಂಗಿಲಗಳು ಬಡಿದು ದೋಣಿ ನಿಮಿಷಗಳಲ್ಲಿ ಮುಳುಗಿತು. ಮಳೆನೀರು, ಆಮೆಯ ಮಾಂಸ ಮತ್ತು ರಕ್ತದಿಂದ ಜೀವ ಹಿಡಿದುಕೊಂಡು, ಆರು ಜನ 38 ದಿನ ತೇಲಿ, ಜಪಾನಿನ ಮೀನುಗಾರಿಕಾ ಹಡಗಿನ ಕಣ್ಣಿಗೆ ಬಿದ್ದು ಬದುಕಿದರು.

ಎಲ್ಲರೂ ಬದುಕಿದ್ದರಿಂದ ಇದು ಸಾಹಸಗಾಥೆಯಾಯಿತು. ನನ್ನನ್ನು ಕಾಡುವುದು ಆ ಹುಡುಗನ ಪ್ರಶ್ನೆ. ಬೆಚ್ಚಗಿನ ಮನೆಯಲ್ಲಿ ಕೂತು ಮಗುವೊಂದು ಕೇಳಿದ ‘ಯಾಕೆ ಹೋಗಬಾರದು’ ಎಂಬ ಮಾತು ವರ್ಷಗಳ ನಂತರ, ನಡುಸಾಗರದಲ್ಲಿಯೂ, ಒಪ್ಪಿಗೆಯಾಗಿ ಉಳಿದಿರುತ್ತದೆಯೇ? ಪ್ರತಿ ಬಂದರಿನಲ್ಲೂ ಅದನ್ನು ಮತ್ತೆ ಕೇಳಬೇಕು, ಮಗು ಬೇಡವೆಂದರೆ ಹಗ್ಗ ಕಟ್ಟಿ ದೋಣಿ ನಿಲ್ಲಿಸಬೇಕು ಎಂದು ನಾನು ಬರೆದಿದ್ದೆ. ಅದನ್ನು ಓದಿದ ಸಹಪಾಠಿಯೊಬ್ಬಳು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಳು: ಅಪ್ಪನ ಕಣ್ಣಿನಲ್ಲಿ ಅಷ್ಟು ಹೊಳಪಿರುವಾಗ ಯಾವ ಮಗು ಬೇಡ ಅಂದೀತು? ಆ ಅಧ್ಯಾಯ ಮೂರು ತಿಂಗಳಿಂದ ಅಲ್ಲೇ ನಿಂತಿದೆ.