ಕಣಜದ ಶೇಷ

ಉಡುಪಿಯ ಸೀಮೆಯಲ್ಲಿ ಭತ್ತಕ್ಕೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳುಂಟು. ಒಂದರ ಕೊಯ್ಲು ಮುಗಿದೊಡನೆ ರೈತನು ಮೊದಲು ಕಣಜವನ್ನು ನೋಡುವನು, ಅನಂತರ ಗದ್ದೆಯನ್ನು. ಹಳೆಯ ಭತ್ತವು ಮಿಕ್ಕಿದ್ದರೆ ಮುಂದೆ ಉದ್ದನ್ನೋ ಹೆಸರನ್ನೋ ಬಿತ್ತುವ ಧೈರ್ಯವಿರುವುದು. ಕಣಜವು ಬರಿದಾಗಿದ್ದರೆ ನೀರು ಸಾಲದಿದ್ದರೂ ಭತ್ತವನ್ನೇ ನೆಡಬೇಕಾದ ಇಕ್ಕಟ್ಟು. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತರಂತೂ ಬೀಜದ ಮುಡಿಯೂ ಪೇಟೆಯ ದಾರಿ ಹಿಡಿಯುವುದು! ಆದುದರಿಂದ ಮಾರುವ ಭತ್ತವನ್ನು ಅಳೆಯುವ ಮುನ್ನವೇ ಬೀಜದ ಮುಡಿಯನ್ನು ಕಟ್ಟಿ ಬೇರೆ ಇರಿಸತಕ್ಕದ್ದು.

ಶ್ರೀಕೃಷ್ಣಮಠದ ಲೆಕ್ಕವೂ ಹೀಗೆಯೇ. ಎರಡು ವರ್ಷಗಳ ಪರ್ಯಾಯದ ಹೊಣೆ ಬರುವುದಕ್ಕೆ ಬಹಳ ಮೊದಲೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ಮುಹೂರ್ತಗಳು ಒಂದೊಂದಾಗಿ ನೆರವೇರುತ್ತವೆ. ಬಾಳೆಯದೇ ಮೊದಲು; ಗೊನೆ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕಷ್ಟೆ.